ಡೆಡ್‌ಲೈನ್ ಒತ್ತಡ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಗಡುವಿನ ಮಾತು ಬಂದಾಗಲೆಲ್ಲ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಆದಷ್ಟೂ ಕೇಳಿದವರ ಮಾತಿನಲ್ಲೇ ಇವೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಬಹುದು. ಈಗಲೇ ತಲೆ ಬಿಸಿಯಾಗಿ ಕೂತಿದ್ದರೆ ‘ಕೈ ನಡುಗ್ತಿದೆ’ ಎನ್ನುವ ಪ್ರಶ್ನೆಗೆ ನೇರ ಹೋಗಿ, ಉಳಿದದ್ದನ್ನು ಆಮೇಲೆ ಓದಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಾಂಕ ಹತ್ತಿರವಿದೆ ಎನ್ನುವುದಕ್ಕಿಂತ, ಏನು ಮಾಡಬೇಕು, ಎಷ್ಟು ಮಾಡಿದರೆ ಸಾಕು, ಆಗದಿದ್ದರೆ ಯಾರಿಗೆ ಹೇಳಬೇಕು ಎಂದು ಗೊತ್ತಿಲ್ಲದಿರುವುದೇ ಮನುಷ್ಯನನ್ನು ಜಾಸ್ತಿ ಹಿಂಡುತ್ತದೆ. ಕೆಳಗಿನ ಹೆಚ್ಚಿನ ಉತ್ತರಗಳು ಅದನ್ನೇ ಬಿಡಿಸಲು ನೋಡುತ್ತವೆ.

## ಮೊದಲು ತಿಳಿಯಬೇಕಾದ್ದು

ಡೆಡ್‌ಲೈನ್ ಹತ್ತಿರ ಬಂದ್ರೆ ಎದೆ ಡವಡವ ಅನ್ನುತ್ತೆ, ಹೊಟ್ಟೆ ಕೆಡುತ್ತೆ. ನನಗೆ ಮಾತ್ರ ಹೀಗಾ?

ಖಂಡಿತ ಅಲ್ಲ. ಇದು ಎಲ್ಲರ ಮೈಯಲ್ಲೂ ಇರುವ ಹಳೆಯ ಏರ್ಪಾಡು. ಅಪಾಯ ಎದುರಾದರೆ ಹೋರಾಡಲು ಇಲ್ಲವೇ ಓಡಲು ಮೈ ಸಜ್ಜಾಗುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದರು. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ. ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ. ಊಟ ಅರಗಿಸುವ ಕೆಲಸ ಹಿಂದಕ್ಕೆ ಸರಿಯುತ್ತದೆ. ಹೊಟ್ಟೆ ಕೆಡುವುದು ಅದಕ್ಕೇ. ಸ್ವಲ್ಪ ಹೊತ್ತಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಕೂಡ ಸೇರಿಕೊಂಡು, ರಕ್ತದಲ್ಲಿ ಸಕ್ಕರೆ ಏರಿಸಿ, ಮೈಯನ್ನು ಎಚ್ಚರದಲ್ಲೇ ಇಡುತ್ತದೆ.

ಓಡಿ ತಪ್ಪಿಸಿಕೊಳ್ಳುವಂಥ ಅಪಾಯ ಕೆಲವು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಗಡುವು ಹಾಗಲ್ಲ, ವಾರಗಟ್ಟಲೆ ಎದುರಿಗೇ ನಿಂತಿರುತ್ತದೆ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳಲ್ಲಿ ಇಂಥ ದೀರ್ಘ ಒತ್ತಡದ ಪರಿಣಾಮವನ್ನು ಗುರುತಿಸಿದರು. ಮೊದಲು ಮೈ ಎಚ್ಚರಗೊಳ್ಳುತ್ತದೆ. ಆಮೇಲೆ ತಾಳಿಕೊಳ್ಳುತ್ತದೆ. ಒತ್ತಡ ನಿಲ್ಲದೇ ಇದ್ದರೆ ಕೊನೆಗೆ ಸೋತು ಕೂರುತ್ತದೆ. ಹಾಗಾಗಿ ಎದೆ ಡವಡವ ಅಂದಿದ್ದಕ್ಕೆ ಹೆದರಬೇಕಿಲ್ಲ. ಅದು ದಿನಗಟ್ಟಲೆ ಇಳಿಯದೇ ಇದ್ದರೆ ಗಮನ ಕೊಡಬೇಕು.

ಸ್ವಲ್ಪ ಟೆನ್ಷನ್ ಇದ್ರೇನೇ ಕೆಲಸ ಆಗೋದು ಅಂತಾರೆ. ನಿಜಾನಾ?

ಅರ್ಧ ನಿಜ. ಈ ಮಾತಿಗೆ ಸಾಮಾನ್ಯವಾಗಿ 1908ರ ಒಂದು ಪ್ರಯೋಗವನ್ನು ಆಧಾರ ಕೊಡುತ್ತಾರೆ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳಿಗೆ ಸರಿಯಾದ ದಾರಿ ಆರಿಸಲು ಕಲಿಸಿದರು. ತಪ್ಪಿದರೆ ವಿದ್ಯುತ್ ಶಾಕ್. ಪಾಠ ಸುಲಭವಾಗಿದ್ದಾಗ ಶಾಕ್ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ಪಾಠ ಕಷ್ಟವಾದಾಗ ಜೋರು ಶಾಕ್ ಅವುಗಳನ್ನು ಹಿಂದೆ ಹಾಕಿತು.

ಇಲಿಯ ಪ್ರಯೋಗವನ್ನು ಮನುಷ್ಯರಿಗೆ ಹಾಗೇ ಅಂಟಿಸಬಾರದು. ಆದರೆ ಆ ಎರಡನೇ ಭಾಗವನ್ನು ಎಲ್ಲರೂ ಮರೆತುಬಿಡುತ್ತಾರೆ ಎನ್ನುವುದೇ ನನ್ನ ಬೇಸರ. ಫೈಲ್‌ಗಳನ್ನು ಜೋಡಿಸುವಂಥ, ಕೈ ಪಳಗಿದ ಕೆಲಸಕ್ಕೆ ಸ್ವಲ್ಪ ಬಿಸಿ ಒಳ್ಳೆಯದೇ. ಹೊಸದಾಗಿ ಯೋಚಿಸಬೇಕಾದ ಕೆಲಸಕ್ಕೆ ಅದೇ ಬಿಸಿ ಮುಳುವಾಗುತ್ತದೆ. ಜನರ ಮೇಲೆ ಒತ್ತಡ ಹಾಕುವವರು ಈ ವ್ಯತ್ಯಾಸ ನೋಡುವುದೇ ಇಲ್ಲ.

ನಾನು ಕೊನೇ ಗಳಿಗೆಯಲ್ಲೇ ಚೆನ್ನಾಗಿ ಕೆಲಸ ಮಾಡೋದು. ಇದ್ರಲ್ಲಿ ತಪ್ಪೇನು?

ಕೊನೇ ಗಳಿಗೆಯಲ್ಲಿ ಕೆಲಸ ಬೇಗ ಮುಗಿಯುವುದು ನಿಜ, ಯಾಕೆಂದರೆ ಬೇರೆ ದಾರಿಯೇ ಇರುವುದಿಲ್ಲ. ಚೆನ್ನಾಗಿ ಮುಗಿಯಿತಾ ಎನ್ನುವುದು ಬೇರೆ ಪ್ರಶ್ನೆ. ಮತ್ತೊಮ್ಮೆ ಓದಿ ನೋಡುವುದಕ್ಕೆ, ಇನ್ನೊಬ್ಬರಿಗೆ ತೋರಿಸುವುದಕ್ಕೆ, ತಪ್ಪು ತಿದ್ದುವುದಕ್ಕೆ ಸಮಯ ಉಳಿದಿರುವುದಿಲ್ಲ. ಒಮ್ಮೆ ಪರೀಕ್ಷಿಸಿ ನೋಡಿ: ಯಾವುದಾದರೂ ಒಂದು ಕೆಲಸದ ಕರಡನ್ನು ಎರಡು ದಿನ ಮೊದಲೇ ಮುಗಿಸಿ ಪಕ್ಕಕ್ಕಿಡಿ, ಆಮೇಲೆ ತೆರೆದು ಓದಿ. ನಿಮ್ಮ ಕಣ್ಣಿಗೇ ಎಷ್ಟು ತಪ್ಪು ಬೀಳುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ.

ಗಡುವು ಗೊತ್ತಿದ್ರೂ ಕೆಲಸ ಶುರು ಮಾಡೋಕೇ ಆಗಲ್ಲ. ನಾನು ಸೋಮಾರಿನಾ?

ಸೋಮಾರಿಗೆ ಹೀಗೆ ಸಂಕಟವಾಗುವುದಿಲ್ಲ. ಕೆಲಸ ಮುಂದೂಡುವುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರ್ವಾ ಮತ್ತು ಟಿಮೊಥಿ ಪಿಚಿಲ್ ಹೇಳುವುದು ಇದು: ನಾವು ಮುಂದೂಡುವುದು ಕೆಲಸವನ್ನಲ್ಲ, ಆ ಕೆಲಸ ನೆನೆದಾಗ ಬರುವ ಕೆಟ್ಟ ಭಾವನೆಯನ್ನು. ತಪ್ಪಾದೀತು ಎಂಬ ಭಯ, ಎಲ್ಲಿಂದ ಹಿಡಿಯಬೇಕೋ ತಿಳಿಯದ ಗೊಂದಲ, ಬೇಜಾರು. ಫೋನ್ ಕೈಗೆತ್ತಿಕೊಂಡ ತಕ್ಷಣ ಆ ಭಾವನೆ ಸ್ವಲ್ಪ ಇಳಿಯುತ್ತದೆ. ಆ ನೆಮ್ಮದಿಯೇ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ.

ಹಾಗಾಗಿ ನಿಮ್ಮನ್ನು ನೀವೇ ಬೈದುಕೊಳ್ಳುವುದರಿಂದ ಲಾಭವಿಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ ವಿದ್ಯಾರ್ಥಿಗಳ ಪೈಕಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂತು. ಬೈಗುಳ ಕೆಟ್ಟ ಭಾವನೆಯನ್ನು ಇನ್ನಷ್ಟು ಏರಿಸುತ್ತದೆ, ಅಲ್ವಾ? ಆಗ ಕೆಲಸ ಇನ್ನೂ ದೂರ ಹೋಗುತ್ತದೆ.

ಮಾಡಬೇಕಾದ್ದು ಎರಡು. ಮೊದಲನೆಯದು, ಕೆಲಸದ ತುಂಬಾ ಸಣ್ಣ ತುದಿಯನ್ನು ಹುಡುಕಿ. ‘ರಿಪೋರ್ಟ್ ಬರೆಯಬೇಕು’ ಎಂದರೆ ಮನಸ್ಸು ಹಿಂಜರಿಯುತ್ತದೆ. ‘ಹೊಸ ಫೈಲ್ ತೆರೆದು ಮೂರು ತಲೆಬರಹ ಟೈಪ್ ಮಾಡಬೇಕು’ ಎಂದರೆ ಕೈ ಮುಂದೆ ಬರುತ್ತದೆ. ಎರಡನೆಯದು, ಯಾವಾಗ, ಎಲ್ಲಿ ಎನ್ನುವುದನ್ನೂ ಅದಕ್ಕೆ ಕಟ್ಟಿಹಾಕಿ: ‘ಬೆಳಿಗ್ಗೆ ಮೇಜಿನ ಮುಂದೆ ಕೂತ ತಕ್ಷಣ, ಮೇಲ್ ತೆರೆಯುವ ಮೊದಲು, ಆ ಮೂರು ತಲೆಬರಹ.’ ಹೀಗೆ ಸಂದರ್ಭಕ್ಕೆ ಕಟ್ಟಿದ ಯೋಜನೆ ಬರೀ ಸಂಕಲ್ಪಕ್ಕಿಂತ ಚೆನ್ನಾಗಿ ನಡೆಯುತ್ತದೆ ಎಂದು ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ 1990ರ ದಶಕದಿಂದ ಮತ್ತೆ ಮತ್ತೆ ತೋರಿಸಿದ್ದಾರೆ.

## ದಿನದಿನದ ಕೆಲಸದಲ್ಲಿ

ಈಗಲೇ, ಇದೇ ನಿಮಿಷದಲ್ಲಿ ಕೈ ನಡುಗ್ತಿದೆ. ಏನು ಮಾಡ್ಲಿ?

ಪರದೆಯಿಂದ ಕಣ್ಣು ತೆಗೆಯಿರಿ. ಮೂಗಿನಿಂದ ಉಸಿರು ಎಳೆದುಕೊಳ್ಳಿ. ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ನಿಧಾನವಾಗಿ ಬಿಡಿ. ನಿಮಿಷಕ್ಕೆ ಆರು ಉಸಿರಿನಷ್ಟು ನಿಧಾನವಾದರೆ ಸಾಕು. ಉಸಿರು ಬಿಡುವಾಗ, ಮೆದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಮೂಲಕ ಎದೆಬಡಿತ ತುಸು ಇಳಿಯುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡಲು ಹೇಳುವುದು ಅದಕ್ಕೇ. ಮೂರು ನಾಲ್ಕು ನಿಮಿಷ ಹೀಗೆ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ, ಸಹಜವಾಗಿ ಉಸಿರಾಡಿ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ.

‘ಶಾಂತವಾಗಿರು, ಶಾಂತವಾಗಿರು’ ಎಂದು ಹೇಳಿಕೊಳ್ಳುವುದು ಹೆಚ್ಚಿನವರಿಗೆ ಕೆಲಸ ಮಾಡುವುದಿಲ್ಲ. ಓಡುತ್ತಿರುವ ಎದೆಯನ್ನು ಮಾತಿನಿಂದ ನಿಲ್ಲಿಸಲಾಗದು. 2014ರಲ್ಲಿ ಅಮೆರಿಕದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ ಒಂದು ಕುತೂಹಲದ ಸಂಗತಿ ಪ್ರಕಟಿಸಿದರು. ಭಾಷಣ, ಗಣಿತ, ಹಾಡಿನಂಥ ಭಯದ ಕೆಲಸಕ್ಕೆ ಮುನ್ನ ‘ನನಗೆ ಉತ್ಸಾಹ ಬಂದಿದೆ’ ಎಂದು ಹೇಳಿಕೊಂಡವರು ಚೆನ್ನಾಗಿ ನಿಭಾಯಿಸಿದರು. ಭಯಕ್ಕೂ ಉತ್ಸಾಹಕ್ಕೂ ಎದೆ ಬಡಿದುಕೊಳ್ಳುವುದು ಹೆಚ್ಚುಕಮ್ಮಿ ಒಂದೇ ರೀತಿ.

ಆಮೇಲೆ ಒಂದು ಕಾಗದ ತೆಗೆದುಕೊಂಡು, ಮುಂದಿನ ಇಪ್ಪತ್ತು ನಿಮಿಷದಲ್ಲಿ ಮಾಡಬಹುದಾದ ಒಂದೇ ಒಂದು ಕೆಲಸ ಬರೆಯಿರಿ. ಅದನ್ನು ಮಾಡಿ. ಇಡೀ ಗುಡ್ಡದ ಲೆಕ್ಕ ಈಗ ಬೇಡ.

ಹತ್ತು ಕೆಲಸ ಇವೆ, ಹತ್ತೂ ಅರ್ಜೆಂಟ್. ಯಾವುದರಿಂದ ಶುರು ಮಾಡೋದು?

ಮೊದಲು ಹತ್ತನ್ನೂ ತಲೆಯಿಂದ ಕಾಗದಕ್ಕೆ ಇಳಿಸಿ. ತಲೆಯಲ್ಲಿದ್ದಾಗ ಹತ್ತು ಕೆಲಸ ಮೂವತ್ತರ ಹಾಗೆ ಕಾಣುತ್ತದೆ. ಒಂದೊಂದರ ಮುಂದೆ ಒಂದು ಪ್ರಶ್ನೆ ಕೇಳಿ: ಇದು ಒಂದು ದಿನ ತಡವಾದರೆ ಯಾರ ಕೆಲಸ ನಿಲ್ಲುತ್ತದೆ? ಕೆಲವಕ್ಕೆ ಸ್ಪಷ್ಟ ಉತ್ತರ ಸಿಗುತ್ತದೆ. ಕೆಲವಕ್ಕೆ ‘ಯಾರದ್ದೂ ಇಲ್ಲ, ಸುಮ್ನೆ ದಿನಾಂಕ ಹಾಕಿದ್ದಾರೆ’ ಎನ್ನುವ ಉತ್ತರ ಬರುತ್ತದೆ. ಬೇರೆಯವರ ಕೈ ಕಟ್ಟಿಹಾಕುವ ಕೆಲಸ ಮೊದಲು.

ಅದಾದ ಮೇಲೂ ಎರಡು ಕೆಲಸ ಒಂದೇ ತೂಕದಲ್ಲಿ ನಿಂತರೆ, ತೀರ್ಮಾನವನ್ನು ನೀವೇ ಹೊರಬೇಡಿ. ಮೇಲಿನವರ ಮುಂದೆ ಆ ಪಟ್ಟಿಯನ್ನೇ ಇಡಿ. ‘ಇವತ್ತು ಇವೆರಡರಲ್ಲಿ ಒಂದು ಆಗುತ್ತದೆ, ಯಾವುದು ಮೊದಲು ಬೇಕು?’ ಎಂದು ಕೇಳಿ. ಆದ್ಯತೆ ಹೇಳುವುದು ಅವರ ಕೆಲಸದ ಭಾಗವೇ.

ಹತ್ತನ್ನೂ ಸ್ವಲ್ಪ ಸ್ವಲ್ಪ ಮುಟ್ಟುತ್ತಾ ಹೋಗುವುದು ಮಾತ್ರ ಬೇಡ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ಬಿಡಲೇಬೇಕಾಗಿ ಬಂದರೆ, ಎಲ್ಲಿಗೆ ನಿಲ್ಲಿಸಿದಿರಿ, ವಾಪಸ್ ಬಂದಾಗ ಮೊದಲು ಏನು ಮಾಡಬೇಕು ಎಂದು ಒಂದು ಸಾಲು ಬರೆದಿಟ್ಟು ಎದ್ದೇಳಿ.

ಎರಡು ದಿನದ ಕೆಲಸ ಅಂದ್ಕೊಂಡಿದ್ದು ಯಾವಾಗಲೂ ನಾಲ್ಕು ದಿನ ಆಗುತ್ತೆ. ನನಗೆ ಲೆಕ್ಕವೇ ಬರಲ್ವಾ?

ಲೆಕ್ಕ ಯಾರಿಗೂ ಬರುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್‌ಸ್ಕಿ 1979ರಲ್ಲಿ ಈ ಗುಣವನ್ನು ಗುರುತಿಸಿದರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಅದನ್ನು ಅಳೆದು ನೋಡಿದರು. ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ‘ಎಲ್ಲವೂ ಕೆಟ್ಟದಾಗಿ ನಡೆದರೆ?’ ಎಂದಾಗ ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಜಾಸ್ತಿ. ಅಂದರೆ ತೀರಾ ಕೆಟ್ಟ ಊಹೆಯೂ ಸಾಕಾಗಲಿಲ್ಲ.

ಕಾರಣ ಸರಳ. ಅಂದಾಜು ಮಾಡುವಾಗ ನಾವು ಕೆಲಸ ಹೇಗೆ ಸಾಗುತ್ತದೆ ಎಂಬ ಕಥೆಯನ್ನು ಮನಸ್ಸಿನಲ್ಲಿ ಕಟ್ಟುತ್ತೇವೆ. ಆ ಕಥೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ. ಸಿಸ್ಟಮ್ ಕೈಕೊಡುವುದಿಲ್ಲ. ಒಪ್ಪಿಗೆ ಕೊಡಬೇಕಾದವರು ರಜೆಯಲ್ಲಿರುವುದಿಲ್ಲ. ಒಂದೊಂದು ಅಡಚಣೆಯೂ ಅಪರೂಪವೇ, ಆದರೆ ಯಾವುದಾದರೂ ಒಂದು ಬಂದೇ ಬರುತ್ತದೆ.

ಮದ್ದು ಕೂಡ ಕಾಹ್ನೆಮನ್ ಅವರೇ ಹೇಳಿದ್ದು. ಮುಂದೆ ನೋಡುವ ಬದಲು ಹಿಂದೆ ನೋಡಿ. ಇಂಥದ್ದೇ ಕೆಲಸ ಹಿಂದಿನ ಮೂರು ನಾಲ್ಕು ಸಲ ಎಷ್ಟು ದಿನ ಹಿಡಿಯಿತು? ‘ಆಗಿನ ಕಥೆ ಬೇರೆ, ಈ ಸಲ ಹಾಗಾಗಲ್ಲ’ ಎಂದು ಮನಸ್ಸು ಹೇಳುತ್ತದೆ. ಆ ಮಾತನ್ನು ನಂಬಬೇಡಿ. ಇವತ್ತಿನಿಂದಲೇ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಕೆಲಸ, ಅಂದಾಜು, ನಿಜವಾಗಿ ಹಿಡಿದ ಸಮಯ. ಒಂದೆರಡು ತಿಂಗಳಲ್ಲಿ ನಿಮ್ಮದೇ ಅಳತೆ ಸಿಗುತ್ತದೆ. ಯಾವಾಗಲೂ ಒಂದೂವರೆ ಪಟ್ಟು ಆಗುತ್ತಿದ್ದರೆ, ದಿನಾಂಕ ಒಪ್ಪಿಕೊಳ್ಳುವ ಮೊದಲೇ ಒಂದೂವರೆಯಿಂದ ಗುಣಿಸಿ. ಈ ಪುಟದಲ್ಲಿ ಒಂದೇ ಒಂದು ಅಭ್ಯಾಸ ಆರಿಸಿಕೊಳ್ಳುವುದಾದರೆ ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಟೈಮರ್ ಇಟ್ಕೊಂಡು 25 ನಿಮಿಷ ಕೆಲಸ ಮಾಡೋ ಪದ್ಧತಿ ನಿಜವಾಗ್ಲೂ ಉಪಯೋಗವಾ?

ಶುರು ಮಾಡಲು ಒದ್ದಾಡುವವರಿಗೆ ಉಪಯೋಗ. ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯವರು 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಢಿಸಿಕೊಂಡದ್ದು ಇದು. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ಸಂಖ್ಯೆಯಲ್ಲಿ ಮಂತ್ರವೇನಿಲ್ಲ. ಕೆಲಸ ಚೆನ್ನಾಗಿ ಓಡುತ್ತಿರುವಾಗ ಗಂಟೆ ಬಾರಿಸಿತೆಂದು ಎದ್ದೇಳಬೇಕಾಗಿಲ್ಲ. ವಿರಾಮದಲ್ಲಿ ಫೋನ್ ನೋಡಿದರೆ ಅದು ವಿರಾಮವಲ್ಲ, ಅಷ್ಟೇ.

ಮನೆಗೆ ಬಂದ್ಮೇಲೂ ಅದೇ ತಲೆಯಲ್ಲಿ ಓಡ್ತಿರುತ್ತೆ. ಹಾಸಿಗೆಯಲ್ಲೂ ಬಿಡಲ್ಲ. ಏನು ಮಾಡೋದು?

ಮುಗಿಯದ ಕೆಲಸ ಮನಸ್ಸನ್ನು ಕುಟುಕುತ್ತಲೇ ಇರುತ್ತದೆ. ಆದರೆ ಆ ಕುಟುಕು ನಿಲ್ಲಿಸಲು ಕೆಲಸವನ್ನೇ ಮುಗಿಸಬೇಕು ಎಂದಿಲ್ಲ. ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದಂತೆ, ಯಾವಾಗ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಯೋಜನೆ ಹಾಕಿಕೊಂಡರೂ ಮನಸ್ಸು ಅದನ್ನು ಬಿಟ್ಟುಕೊಡುತ್ತದೆ.

2018ರಲ್ಲಿ ಅಮೆರಿಕದಲ್ಲಿ 57 ಜನರನ್ನು ನಿದ್ದೆಯ ಪ್ರಯೋಗಾಲಯದಲ್ಲಿ ಮಲಗಿಸಿ ಇದನ್ನೇ ನೋಡಿದರು. ಮಲಗುವ ಮುನ್ನ ಐದು ನಿಮಿಷ, ಅರ್ಧ ಜನ ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸ ಬರೆದರು. ಉಳಿದವರು ಮುಗಿಸಿದ ಕೆಲಸ ಬರೆದರು. ಮಾಡಬೇಕಾದ್ದನ್ನು ಬರೆದವರು ಸರಾಸರಿ 9 ನಿಮಿಷ ಬೇಗ ನಿದ್ದೆಗೆ ಜಾರಿದರು. ವಿವರವಾಗಿ ಬರೆದವರಿಗೆ ಇನ್ನೂ ಬೇಗ ನಿದ್ದೆ ಬಂತು. ಪ್ರಯೋಗ ಸಣ್ಣದು. ಖರ್ಚು ಮಾತ್ರ ಒಂದು ಹಾಳೆ, ಐದು ನಿಮಿಷ. ಮಾಡಿ ನೋಡುವುದರಲ್ಲಿ ಕಳೆದುಕೊಳ್ಳುವುದೇನಿಲ್ಲ. ಫೋನಿನಲ್ಲಿ ಬೇಡ, ಕಾಗದದ ಮೇಲೆ ಬರೆಯಿರಿ. ಫೋನ್ ತೆರೆದರೆ ಮೇಲ್ ಕಾಣುತ್ತದೆ.

ನಾಳೆ ಕೊಡಬೇಕು. ರಾತ್ರಿ ಇಡೀ ಕೂತು ಮುಗಿಸಿಬಿಡ್ಲಾ?

ಅಪರೂಪಕ್ಕೆ ಬೇರೆ ದಾರಿ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಏನು ತೆರುತ್ತೀರಿ ಎಂದು ತಿಳಿದಿರಲಿ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಇದು 1990ರ ದಶಕದ ಕೊನೆಯಿಂದ ಹಲವು ಅಧ್ಯಯನಗಳಲ್ಲಿ ಕಂಡ ಮಾತು. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದವರಿಗೆ ಗಾಡಿ ಓಡಿಸಲು ಬಿಡುವುದಿಲ್ಲ. ಬೆಳಿಗ್ಗೆ 6ಕ್ಕೆ ಎದ್ದವರು ರಾತ್ರಿ 11ಕ್ಕೇ ಆ ಮಟ್ಟ ಮುಟ್ಟುತ್ತಾರೆ.

ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಹಾಗಾಗಿ ನಡುರಾತ್ರಿ ಕುಡಿದದ್ದು ಬೆಳಗಿನ ಜಾವದ ಎರಡು ಗಂಟೆ ನಿದ್ದೆಯನ್ನೂ ಕಸಿಯುತ್ತದೆ.

ಕೂರಲೇಬೇಕಾದರೆ, ಯೋಚನೆ ಬೇಡುವ ಭಾಗವನ್ನು ಸಂಜೆಯೇ ಮುಗಿಸಿ. ಜೋಡಿಸುವುದು, ಪುಟ ಸರಿಮಾಡುವುದು ಇಂಥದ್ದನ್ನು ರಾತ್ರಿಗೆ ಇಟ್ಟುಕೊಳ್ಳಿ. ಒಂದೂವರೆ ಗಂಟೆಯಾದರೂ ಮಲಗಿ. ಬೆಳಿಗ್ಗೆ ಕಳಿಸುವ ಮುನ್ನ ನಿದ್ದೆ ಮಾಡಿದ ಇನ್ನೊಬ್ಬರಿಗೆ ಓದಲು ಕೊಡಿ. ಮತ್ತೆ ಆ ದಿನ ನೀವು ಗಾಡಿ ಓಡಿಸಬೇಡಿ.

## ಮಾತಾಡಿ ಬಗೆಹರಿಸುವುದು

ಡೆಡ್‌ಲೈನ್ ತಪ್ಪುತ್ತೆ ಅಂತ ನನಗೆ ಗೊತ್ತಾಗಿದೆ. ಬಾಸ್‌ಗೆ ಯಾವಾಗ, ಹೇಗೆ ಹೇಳೋದು?

ಯಾವಾಗ ಎಂದರೆ, ಅನುಮಾನ ಬಂದ ದಿನವೇ. ಖಚಿತವಾಗಲಿ ಎಂದು ಕಾಯಬೇಡಿ. ಜನ ಹೇಳದೆ ಉಳಿಯುವುದು ಹೆದರಿಕೆಯಿಂದ, ಮತ್ತೆ ‘ಹೇಗೋ ಆಗಿಬಿಡಬಹುದು’ ಎಂಬ ಆಸೆಯಿಂದ. ಆದರೆ ಹೇಳದೆ ಹೊತ್ತುಕೊಂಡ ಪ್ರತಿ ದಿನವೂ ಒತ್ತಡ ಏರುತ್ತದೆ, ಎದುರಿನವರ ಕೈಯಲ್ಲಿರುವ ದಾರಿಗಳು ಕಡಿಮೆಯಾಗುತ್ತವೆ. ಹತ್ತು ದಿನ ಮೊದಲು ಹೇಳಿದರೆ ಅವರು ಕ್ಲೈಂಟ್ ಜೊತೆ ಮಾತಾಡಬಹುದು, ಕೆಲಸ ಕಡಿತ ಮಾಡಬಹುದು, ಸಹಾಯಕ್ಕೆ ಒಬ್ಬರನ್ನು ಕೊಡಬಹುದು. ಹಿಂದಿನ ರಾತ್ರಿ ಹೇಳಿದರೆ ಅವರಿಗೆ ಉಳಿಯುವುದು ಸಿಟ್ಟು ಮಾತ್ರ. ಜನ ತಡವನ್ನು ಕ್ಷಮಿಸುತ್ತಾರೆ. ಕೊನೆಯವರೆಗೂ ‘ಆಗ್ತಿದೆ ಸರ್’ ಎಂದು ಹೇಳಿದ್ದನ್ನು ಕ್ಷಮಿಸುವುದು ಅವರಿಗೆ ತುಂಬಾ ಕಷ್ಟ.

ಹೇಗೆ ಎಂದರೆ, ಮೊದಲ ವಾಕ್ಯದಲ್ಲೇ ವಿಷಯ ಹೇಳಿ. ಪೀಠಿಕೆ ಬೇಡ, ಕಾರಣಗಳ ಸಾಲು ಬೇಡ. ಸುಮಾರು ಹೀಗೆ: ‘ಮೇಡಂ, 20ನೇ ತಾರೀಖಿಗೆ ಪೂರ್ತಿ ರಿಪೋರ್ಟ್ ಕೊಡಲು ಆಗುವುದಿಲ್ಲ ಅನ್ನಿಸುತ್ತಿದೆ. ಮೊದಲ ಮೂರು ಭಾಗ ಮುಗಿದಿದೆ. ನಾಲ್ಕನೆಯದಕ್ಕೆ ಬೇಕಾದ ಅಂಕಿಅಂಶ ಇನ್ನೂ ಬಂದಿಲ್ಲ. ಎರಡು ದಾರಿ ಇದೆ. ಮೂರು ಭಾಗವನ್ನು 20ಕ್ಕೆ ಕೊಟ್ಟು ನಾಲ್ಕನೆಯದನ್ನು 25ಕ್ಕೆ ಕೊಡಬಹುದು. ಇಲ್ಲವೇ ಎಲ್ಲವನ್ನೂ 25ಕ್ಕೆ ಕೊಡಬಹುದು. ನನಗೆ ಮೊದಲನೆಯದು ಸರಿ ಕಾಣುತ್ತದೆ. ನೀವೇನು ಹೇಳುತ್ತೀರಿ?’

ಇದರಲ್ಲಿ ಏನೇನಿದೆ ನೋಡಿ. ಏನು ಆಗುವುದಿಲ್ಲ, ಏನು ಆಗಿದೆ, ಯಾಕೆ, ಮುಂದೆ ಏನು ಮಾಡಬಹುದು. ಹೊಸ ದಿನಾಂಕ ಹೇಳುವಾಗ ಎದುರಿನವರನ್ನು ಸಮಾಧಾನ ಮಾಡಲು ಎರಡು ದಿನ ಕಡಿಮೆ ಹೇಳುವ ಆಸೆ ಬರುತ್ತದೆ. ಅದಕ್ಕೆ ಬೀಳಬೇಡಿ. ಒಂದು ಸಲ ತಪ್ಪಿದ ದಿನಾಂಕ ತಡೆದುಕೊಳ್ಳಬಹುದು, ಎರಡನೇ ಸಲ ತಪ್ಪಿದರೆ ನಿಮ್ಮ ಮಾತಿನ ತೂಕವೇ ಹೋಗುತ್ತದೆ. ಮಾತಾಡಿದ ಮೇಲೆ ಒಪ್ಪಿದ್ದನ್ನು ಎರಡು ಸಾಲಿನಲ್ಲಿ ಮೇಲ್ ಹಾಕಿ.

‘ಆಗಲ್ಲ’ ಅಂತ ಹೇಳೋಕೆ ನನಗೆ ಬರಲ್ಲ. ಹೇಳಿದ್ರೆ ಕೆಟ್ಟವರಾಗ್ತೀವಿ ಅಲ್ವಾ?

ಒಪ್ಪಿಕೊಂಡು ಮಾಡದೇ ಇದ್ದರೆ ಇನ್ನೂ ಕೆಟ್ಟವರಾಗುತ್ತೀರಿ. ನೇರವಾಗಿ ಆಗಲ್ಲ ಎನ್ನುವುದು ಕಷ್ಟವಾದರೆ, ತಕ್ಷಣ ಉತ್ತರ ಕೊಡದೇ ಇರುವುದನ್ನು ಮೊದಲು ರೂಢಿಸಿಕೊಳ್ಳಿ. ‘ಕೈಯಲ್ಲಿರುವುದನ್ನು ನೋಡಿ ಮಧ್ಯಾಹ್ನದೊಳಗೆ ಹೇಳುತ್ತೇನೆ’ ಎನ್ನಿ, ಹೇಳಿದ ಹೊತ್ತಿಗೆ ಹೇಳಿ. ಎಷ್ಟೋ ಸಲ ನಾವು ಒಪ್ಪಿಕೊಳ್ಳುವುದು ಆ ಕ್ಷಣದ ಮುಜುಗರ ತಪ್ಪಿಸಲು. ಆ ಕ್ಷಣ ದಾಟಿದರೆ ಯೋಚಿಸಿ ಮಾತಾಡಬಹುದು.

ಮಧ್ಯೆ ಮಧ್ಯೆ ಹೊಸದು ಸೇರಿಸ್ತಾನೇ ಇರ್ತಾರೆ, ತಾರೀಖು ಮಾತ್ರ ಬದಲಾಗಲ್ಲ. ಏನು ಮಾಡೋದು?

ಕೆಲಸ ಶುರುವಾಗುವ ದಿನವೇ, ಏನೇನು ಮಾಡುತ್ತೇವೆ ಮತ್ತು ಏನೇನು ಮಾಡುವುದಿಲ್ಲ ಎಂದು ಬರೆದು ಕಳಿಸಿ. ‘ಮಾಡುವುದಿಲ್ಲ’ ಎನ್ನುವ ಪಟ್ಟಿಯೇ ಮುಖ್ಯ. ಹೊಸದು ಬಂದಾಗ ಜಗಳ ಬೇಡ. ‘ಖಂಡಿತ ಮಾಡೋಣ. ಇದಕ್ಕೆ ಎರಡು ದಿನ ಬೇಕು. ತಾರೀಖು ಎರಡು ದಿನ ಮುಂದೆ ಹೋಗಬೇಕಾ, ಅಥವಾ ಪಟ್ಟಿಯಿಂದ ಏನಾದರೂ ತೆಗೆಯೋಣವಾ?’ ಎಂದು ಕೇಳಿ. ಪ್ರತಿ ಸಲವೂ ಕೇಳಿ. ಸಣ್ಣದು ಅಂತ ಒಂದನ್ನು ಸುಮ್ನೆ ಸೇರಿಸಿಕೊಂಡರೆ ಮುಂದಿನದಕ್ಕೂ ಅದೇ ನಿರೀಕ್ಷೆ. ಹೀಗೆ ಬೆಲೆ ಕಂಡಾಗ, ಅರ್ಧಕ್ಕರ್ಧ ಬೇಡಿಕೆಗಳು ತಾವಾಗೇ ‘ಆಮೇಲೆ ನೋಡೋಣ’ ಎನ್ನುವಲ್ಲಿಗೆ ಹೋಗುತ್ತವೆ.

ರಜೆ ದಿನ, ರಾತ್ರಿ, ಯಾವಾಗ ನೋಡಿದ್ರೂ ಮೆಸೇಜ್. ಉತ್ತರ ಕೊಡಲೇಬೇಕಾ?

ದೇಶದ ಕಾನೂನು, ನಿಮ್ಮ ಒಪ್ಪಂದ ಏನು ಹೇಳುತ್ತದೆ ಎನ್ನುವುದರ ಮೇಲೆ ನಿಂತಿದೆ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತಿನ ಆಚೆ ಸಂಪರ್ಕಕ್ಕೆ ಸಿಗದೇ ಇರುವ ಹಕ್ಕಿಗೆ ಕಾನೂನಿನಲ್ಲಿ ಜಾಗವಿದೆ. ಅಂಥ ಕಾನೂನು ಇಲ್ಲದ ಕಡೆ ತಂಡದೊಳಗೇ ಒಂದು ಮಾತು ಮಾಡಿಕೊಳ್ಳಿ: ನಿಜವಾದ ತುರ್ತಾದರೆ ಫೋನ್ ಮಾಡಿ, ಮೆಸೇಜ್ ಆದರೆ ಮರುದಿನ ಬೆಳಿಗ್ಗೆ ಉತ್ತರ. ಹೆಚ್ಚಿನ ರಾತ್ರಿ ಮೆಸೇಜ್‌ಗಳು ಮರೆತುಹೋದೀತು ಎಂದು ಕಳಿಸಿದವು. ಕಳಿಸಿದವರು ಆಗಲೇ ಉತ್ತರ ಬಯಸಿರುವುದೂ ಇಲ್ಲ.

## ಇನ್ನೂ ಆಳದ ಪ್ರಶ್ನೆಗಳು

ವಾರಕ್ಕೆ ಅರವತ್ತು ಗಂಟೆ ದುಡಿದ್ರೂ ಮುಗಿಯಲ್ಲ. ಇನ್ನೂ ಜಾಸ್ತಿ ದುಡಿಬೇಕಾ?

ಬೇಡ. ಗಂಟೆ ಏರಿಸಿದರೆ ಕೆಲಸ ಏರುತ್ತದೆ ಎನ್ನುವುದು ಒಂದು ಮಿತಿಯವರೆಗೆ ಮಾತ್ರ ನಿಜ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರ ದಾಖಲೆ ಇಂದಿಗೂ ಉಳಿದಿದೆ. ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ 2014ರಲ್ಲಿ ಅದನ್ನು ಮತ್ತೆ ಲೆಕ್ಕ ಹಾಕಿದರು. ವಾರಕ್ಕೆ ಸುಮಾರು 49 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಇಳಿಯುತ್ತಾ ಹೋಗಿತ್ತು. 70 ಗಂಟೆ ದುಡಿದವರು 56 ಗಂಟೆ ದುಡಿದವರಿಗಿಂತ ಅಷ್ಟೇನೂ ಹೆಚ್ಚು ತಯಾರಿಸಿರಲಿಲ್ಲ. ಆ 14 ಗಂಟೆ ಬದುಕಿನಿಂದ ಹೋಯಿತು, ಕೆಲಸಕ್ಕೂ ಸಿಗಲಿಲ್ಲ.

ಮೈಗೆ ಬೀಳುವ ಪೆಟ್ಟು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಜಾಸ್ತಿ. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಜಾಸ್ತಿ. ಅರವತ್ತು ಗಂಟೆಯಲ್ಲೂ ಮುಗಿಯದ ಕೆಲಸ ಒಬ್ಬರ ಕೆಲಸವೇ ಅಲ್ಲ. ಅದನ್ನು ಗಂಟೆಗಳ ಲೆಕ್ಕದೊಂದಿಗೆ ಬರೆದು ಮೇಲಿನವರ ಮುಂದಿಡಿ.

ಇದು ಮಾಮೂಲಿ ಒತ್ತಡವಾ, ಅಥವಾ ಬರ್ನೌಟಾ? ಹೇಗೆ ಗೊತ್ತಾಗುತ್ತೆ?

ಕೆಲಸ ಕೊಟ್ಟು ಮುಗಿಸಿ, ಎರಡು ದಿನ ಚೆನ್ನಾಗಿ ಮಲಗಿ ಎದ್ದಾಗ ಮನಸ್ಸು ಹಗುರಾಯಿತೇ? ಹಾಗಾದರೆ ಬಹುಪಾಲು ಗಡುವಿನ ಒತ್ತಡವೇ. ರಜೆ ಮುಗಿಸಿ ಬಂದರೂ ದಣಿವು ಹಾಗೇ ಇದ್ದರೆ ಯೋಚಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿ ಬರ್ನೌಟ್‌ಗೆ ಮೂರು ಗುರುತು ಹೇಳುತ್ತದೆ. ಶಕ್ತಿಯೆಲ್ಲ ಬತ್ತಿಹೋದ ದಣಿವು. ಕೆಲಸದಿಂದ ಮನಸ್ಸು ದೂರ ಸರಿಯುವುದು, ಎಲ್ಲದರ ಬಗ್ಗೆ ಕಹಿ. ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆ. ಆ ವರ್ಗೀಕರಣ ಅದನ್ನು ಕಾಯಿಲೆ ಎಂದು ಕರೆಯುವುದಿಲ್ಲ. ಕೆಲಸದ ಜಾಗದಲ್ಲಿ ಬಹುಕಾಲ ನಿಭಾಯಿಸದೆ ಉಳಿದ ಒತ್ತಡದ ಫಲ ಎನ್ನುತ್ತದೆ. ನನಗೆ ಇದು ಮುಖ್ಯ ಅನ್ನಿಸುತ್ತದೆ. ಬೇರು ಕೆಲಸದಲ್ಲಿರುವಾಗ ಬರೀ ಧ್ಯಾನ, ರಜೆಯಿಂದ ಅದು ಹೋಗುವುದಿಲ್ಲ. ಕೆಲಸದ ರೀತಿಯೇ ಬದಲಾಗಬೇಕು.

ಡಾಕ್ಟರ್ ಹತ್ತಿರ ಯಾವಾಗ ಹೋಗ್ಬೇಕು?

ಎದೆನೋವು ಬಂದು ಅದು ತೋಳಿಗೆ, ದವಡೆಗೆ ಹರಡುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ, ತಣ್ಣನೆ ಬೆವರುತ್ತಿದ್ದರೆ ‘ಟೆನ್ಷನ್ ಅಷ್ಟೇ’ ಎನ್ನದೆ ತಕ್ಷಣ ಆಸ್ಪತ್ರೆಗೆ ಹೋಗಿ. ಪ್ಯಾನಿಕ್ ಅಟ್ಯಾಕ್‌ನಲ್ಲೂ ಹೀಗೇ ಆಗಬಹುದು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ನೀವಲ್ಲ.

ಎರಡು ವಾರಕ್ಕೂ ಹೆಚ್ಚು ನಿದ್ದೆ ಬರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಕುಡಿತ ಅಥವಾ ನಿದ್ದೆ ಮಾತ್ರೆಯ ಮೇಲೆ ದಿನ ನಡೆಯುತ್ತಿದ್ದರೆ ವೈದ್ಯರನ್ನೋ ಆಪ್ತ ಸಲಹೆಗಾರರನ್ನೋ ಕಾಣಿ. ಬದುಕೇ ಬೇಡ ಎನ್ನುವ ಯೋಚನೆ ಒಮ್ಮೆ ಬಂದರೂ ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ. ಒಬ್ಬರೇ ಇರಬೇಡಿ. ತುರ್ತು ಸೇವೆಗೋ ಸಹಾಯವಾಣಿಗೋ ಕರೆ ಮಾಡಿ. ಯಾವ ಕೆಲಸದ ಯಾವ ತಾರೀಖೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ನಾನೇ ಟೀಮ್ ಲೀಡ್. ತಾರೀಖು ಬೇಕೇ ಬೇಕು, ಜನರನ್ನ ಹಿಂಡೋಕೂ ಇಷ್ಟವಿಲ್ಲ. ಹೇಗೆ?

ಈ ಪ್ರಶ್ನೆ ಕೇಳುವ ಲೀಡ್‌ಗಳು ಹೆಚ್ಚಾಗಲಿ. ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞ 1979ರಲ್ಲಿ ಮುಂದಿಟ್ಟ ಒಂದು ವಿಚಾರ ಇಲ್ಲಿ ದಾರಿ ತೋರಿಸುತ್ತದೆ. ಕೆಲಸದ ಹೊರೆ ಒಂದೇ ಜನರನ್ನು ಮುರಿಯುವುದಿಲ್ಲ. ಹೊರೆ ಜಾಸ್ತಿ ಇದ್ದು, ಅದನ್ನು ಹೇಗೆ ಮಾಡಬೇಕು ಎನ್ನುವ ಹಿಡಿತ ಕೈಯಲ್ಲಿ ಇಲ್ಲದಾಗ ಜನ ಮುರಿಯುತ್ತಾರೆ. ತಾರೀಖು ಬದಲಿಸಲು ನಿಮಗೆ ಆಗದೇ ಇರಬಹುದು. ಹೇಗೆ, ಯಾವ ಕ್ರಮದಲ್ಲಿ, ಯಾರು ಯಾವುದನ್ನು ಎನ್ನುವುದನ್ನು ಜನರಿಗೇ ಬಿಡಬಹುದು. ಅಂದಾಜನ್ನು ಕೆಲಸ ಮಾಡುವವರಿಂದಲೇ ತೆಗೆದುಕೊಳ್ಳಿ. ನೀವು ಸಂಖ್ಯೆ ಹೇಳಿ ‘ಆಗುತ್ತೆ ಅಲ್ವಾ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಅದು ಅಂದಾಜಲ್ಲ.

ಕೊನೆಗೆ ಒಂದೇ ದೊಡ್ಡ ತಾರೀಖು ಇಡಬೇಡಿ. ಡ್ಯಾನ್ ಏರಿಯಲಿ ಮತ್ತು ಕ್ಲೌಸ್ ವೆರ್ಟೆನ್‌ಬ್ರೋಕ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಬರಹಗಳ ತಪ್ಪು ಹುಡುಕುವ ಕೆಲಸ ಕೊಟ್ಟಿದ್ದರು. ಸಮ ಅಂತರದಲ್ಲಿ ಮೂರು ಗಡುವು ಇದ್ದವರು ಹೆಚ್ಚು ತಪ್ಪು ಹಿಡಿದರು, ತಡವನ್ನೂ ಕಡಿಮೆ ಮಾಡಿದರು. ಕೊನೆಯಲ್ಲಿ ಒಂದೇ ಗಡುವು ಇದ್ದವರು ಎರಡರಲ್ಲೂ ಹಿಂದೆ ಬಿದ್ದರು. ನಡುವಿನ ಗಡುವಿಗೆ ನಿಜವಾದ ತುಣುಕು ಕೈಗೆ ಬರಬೇಕು. ‘ಶೇಕಡಾ 80 ಮುಗಿದಿದೆ’ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೆಲಸ ತಡವಾದಾಗ ಇನ್ನೂ ನಾಲ್ಕು ಜನ ತುಂಬೋಣ ಎಂದು ಅನ್ನಿಸುತ್ತದೆ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು. ಹೊಸಬರಿಗೆ ಕಲಿಸಲು ಹಳಬರು ಕೆಲಸ ಬಿಡಬೇಕು. ಐದು ಜನರ ನಡುವೆ ಮಾತಾಡುವ ಜೋಡಿಗಳು 10. ಹತ್ತು ಜನರ ನಡುವೆ 45. ಸಾಫ್ಟ್‌ವೇರ್ ಆಚೆಯೂ, ಒಬ್ಬರಿಗೊಬ್ಬರು ಹೊಂದಿಕೊಂಡು ಮಾಡುವ ಕೆಲಸಗಳಿಗೆ ಈ ಲೆಕ್ಕ ನಿಲ್ಲುತ್ತದೆ. ಆಗ ಜನ ಸೇರಿಸುವುದಕ್ಕಿಂತ ಕೆಲಸದ ಪಟ್ಟಿ ಕತ್ತರಿಸುವುದು ಮೇಲು.

ಮತ್ತೆ ಒಂದು. ಯಾರಾದರೂ ಬಂದು ‘ತಡವಾಗುತ್ತೆ’ ಎಂದಾಗ ನಿಮ್ಮ ಮುಖ ಹೇಗಾಗುತ್ತದೆ ಎನ್ನುವುದನ್ನು ಇಡೀ ತಂಡ ನೋಡುತ್ತಿರುತ್ತದೆ. ಅಲ್ಲೇ ಸಿಡುಕಿದರೆ ಮುಂದಿನ ಕೆಟ್ಟ ಸುದ್ದಿ ನಿಮಗೆ ಕೊನೆಯ ದಿನವೇ ಸಿಗುತ್ತದೆ. ‘ಈಗಲೇ ಹೇಳಿದ್ದು ಒಳ್ಳೆಯದಾಯಿತು, ನನ್ನಿಂದ ಏನು ಬೇಕು?’ ಎಂದು ಮೊದಲು ಕೇಳಿ. ಎಲ್ಲಿ ತಪ್ಪಿತು ಎನ್ನುವ ವಿಚಾರವನ್ನು ಕೆಲಸ ತಲುಪಿಸಿ, ಎಲ್ಲರೂ ಒಂದು ದಿನ ಸುಧಾರಿಸಿಕೊಂಡ ಮೇಲೆ ಕೂತು ಮಾತಾಡಿ.